ಬಾನೆಟ್ ಒತ್ತಿ ನೋಡುತ್ತಿದ್ದ ಕಾಲ

ಹಳೇ ಕಾರಿನ ಶಾಕ್ ಅಬ್ಸಾರ್ಬರ್ ಯಾವಾಗ ಬದಲಿಸಬೇಕು ಅಂತ ಈಗ ಗ್ಯಾರೇಜಿಗೆ ಬಂದವರೆಲ್ಲ ಕೇಳುತ್ತಾರೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದು 1970ರ ದಶಕದ ಕೊನೆಗೆ. ಆಗ ಯಾರೂ ಹೀಗೆ ಕೇಳುತ್ತಿರಲಿಲ್ಲ. ಶಾಕ್ ಅಂದರೆ ಬದಲಿಸುವ ಸಾಮಾನಲ್ಲ, ರಿಪೇರಿ ಮಾಡಿಸುವ ಸಾಮಾನು. ಹೊಸದು ಸಿಗುತ್ತಿರಲಿಲ್ಲ ಅಂತಲ್ಲ. ಗೇಬ್ರಿಯಲ್ ಕಂಪನಿ 1961ರಲ್ಲೇ ಮುಂಬೈಯ ಮುಲುಂಡ್‌ನಲ್ಲಿ ಶುರುವಾಗಿತ್ತು, ಡಬ್ಬಿಯಲ್ಲಿರುವ ಹೊಸ ಶಾಕ್ ಅಂಗಡಿಯಲ್ಲಿ ಸಿಗುತ್ತಿತ್ತು. ಟ್ಯಾಕ್ಸಿ ಓಡಿಸುವವರು ಅದನ್ನು ತಿರುಗಿ ನೋಡುತ್ತಿರಲಿಲ್ಲ, ಅಷ್ಟೇ. ಶಾಕ್ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ನನಗೆ ಕೆಲಸ ಕಲಿಸಿದ ಚಾಚಾ ಹತ್ತಿರ ಬರುತ್ತಿದ್ದರು.

ಚಾಚಾ ಮಾಡುತ್ತಿದ್ದ ಕೆಲಸ ಈಗ ನೋಡಲು ಸಿಗುವುದು ಅಪರೂಪ. ಶಾಕ್ ಅನ್ನು ವೈಸ್‌ಗೆ ಕಚ್ಚಿಸಿ, ತಲೆಯ ಮುಚ್ಚಳ ಬಿಡಿಸಿ, ಒಳಗಿನ ಎಣ್ಣೆಯನ್ನು ತಗಡಿನ ಟ್ರೇಗೆ ಸುರಿಯುವರು. ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ಆಮೇಲೆ ರಾಡ್ ಒರೆಸಿ, ಹೆಬ್ಬೆರಳ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆಯುವರು. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಆ ರಾಡ್ ಗುಜರಿಗೆ. ಗೀರು ಬಿದ್ದ ರಾಡ್ ಎಷ್ಟು ಹೊಸ ಸೀಲ್ ಹಾಕಿದರೂ ಕೊಯ್ದು ಹಾಕುತ್ತದೆ. ಉಗುರು ಜಾರಿದರೆ ಹೊಸ ಸೀಲ್, ಹೊಸ ಎಣ್ಣೆ. ಎಣ್ಣೆ ಅಳೆಯಲು ಒಂದು ಗಾಜಿನ ಲೋಟ, ಅದರ ಮೇಲೆ ಪೇಂಟ್‌ನಲ್ಲಿ ಗೆರೆ. ಗೆರೆ ಮೀರಿ ತುಂಬಿದರೆ ಒಳಗೆ ಗಾಳಿಗೆ ಜಾಗ ಇಲ್ಲದೆ ರಾಡ್ ಅರ್ಧಕ್ಕೇ ನಿಲ್ಲುತ್ತದೆ. ಮುಚ್ಚಿದ ಮೇಲೆ ಶಾಕ್ ನೆಟ್ಟಗೆ ನಿಲ್ಲಿಸಿ ಪಂಪ್ ಹೊಡೆಯುವ ಹಾಗೆ ಮೇಲೆ ಕೆಳಗೆ ಎಳೆಯುವುದು ನನ್ನ ಕೆಲಸ. ಮೊದಲು ಬುಳುಬುಳು ಅಂತ ಗಾಳಿ ಸರಿಯುವ ಸದ್ದು, ಆಮೇಲೆ ಒಂದೇ ಸಮನೆ ಬಿಗಿ. ಒತ್ತುವಾಗ ಸ್ವಲ್ಪ ಸಲೀಸು, ಎಳೆಯುವಾಗ ಜಾಸ್ತಿ ಬಿಗಿ ಇರಬೇಕು. ಎರಡೂ ಕಡೆ ಒಂದೇ ಥರ ಇದ್ದರೆ ಚಾಚಾ ಏನೂ ಹೇಳದೆ ಮತ್ತೆ ಬಿಚ್ಚುತ್ತಿದ್ದರು.

ಹಾಗಾಗಿ ಶಾಕ್ ಸತ್ತಿದೆಯೋ ಇಲ್ಲವೋ ಎನ್ನುವ ತೀರ್ಮಾನ ಆಗ ಮೇಜಿನ ಮೇಲೆ, ಬಿಚ್ಚಿದ ಮೇಲೆ ಆಗುತ್ತಿತ್ತು. ಕಾರಿನ ಪಕ್ಕ ನಿಂತು ಯಾರೂ ಜಾತಕ ಹೇಳುತ್ತಿರಲಿಲ್ಲ. ಬಾನೆಟ್ ಒತ್ತಿ ಬಿಡುವುದು ಬಿಚ್ಚಬೇಕೋ ಬೇಡವೋ ಅಂತ ನೋಡಲು ಮಾತ್ರ.

ಶಾಕ್ ಬಗ್ಗೆ ಆಗ ಯಾರೂ ತಲೆ ಕೆಡಿಸಿಕೊಳ್ಳದಿರಲು ಇನ್ನೊಂದು ಕಾರಣವೂ ಇತ್ತು. ಗಾಡಿಯ ತೂಕ ಹೊರುವುದು ಸ್ಪ್ರಿಂಗ್. ಶಾಕ್ ಹೆಚ್ಚುಕಡಿಮೆ ಏನನ್ನೂ ಹೊರುವುದಿಲ್ಲ. ಒಮ್ಮೆ ಕುಗ್ಗಿದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಅದರ ಕೆಲಸ. ಸಣ್ಣ ತೂತುಗಳ ಪಿಸ್ಟನ್ ಎಣ್ಣೆಯೊಳಗೆ ಓಡಾಡಿ, ಕುಣಿತವೆಲ್ಲ ಶಾಖವಾಗಿ ಹೋಗುತ್ತದೆ. ಅಂಬಾಸಿಡರ್, ಫಿಯಟ್ ಎರಡಕ್ಕೂ ಹಿಂದೆ ಪಟ್ಟಿ ಸ್ಪ್ರಿಂಗ್. ಪಟ್ಟಿಯ ಮೇಲೆ ಪಟ್ಟಿ ತಿಕ್ಕುವುದರಲ್ಲೇ ಅರ್ಧ ಕುಣಿತ ಅಡಗುತ್ತಿತ್ತು. ಜಟಕಾ ಗಾಡಿಗೂ ಇದ್ದದ್ದು ಇಂಥದೇ ಪಟ್ಟಿ, ಅದಕ್ಕೆ ಶಾಕ್ ಅಂತ ಯಾರೂ ಹಾಕಲಿಲ್ಲ. 1900ರ ಸುಮಾರಿಗೆ ಫ್ರಾನ್ಸಿನ ಟ್ರೂಫೋ ಮಾಡಿದ, ಆಮೇಲೆ ಹಾರ್ಟ್‌ಫರ್ಡ್ ಎಂಬಾತ ಅಮೆರಿಕದಲ್ಲಿ ಮಾರಿದ ಮೊದಲ ಶಾಕ್‌ಗಳಲ್ಲೂ ಎಣ್ಣೆ ಇರಲಿಲ್ಲ. ಬಿಲ್ಲೆಗಳನ್ನು ಒಂದಕ್ಕೊಂದು ತಿಕ್ಕಿಸಿ ತಡೆ ಹುಟ್ಟಿಸುತ್ತಿದ್ದರು. ಪಟ್ಟಿ ತಾನಾಗಿ ಮಾಡುವ ಕೆಲಸವನ್ನೇ ಅವರು ಬೋಲ್ಟ್ ಬಿಗಿ ಮಾಡಿ ಹೆಚ್ಚಿಸಿಕೊಂಡರು. ನಮ್ಮಲ್ಲಿ ವಾಟರ್ ಸರ್ವಿಸ್ ಮಾಡಿದಾಗ ಪಟ್ಟಿಗೆ ಹಳೇ ಎಣ್ಣೆ ಹೊಡೆಯುವ ರೂಢಿ ಇತ್ತು, ಕಿರ್‌ಕಿರ್ ಸದ್ದು ನಿಲ್ಲಲಿ ಅಂತ. ಸದ್ದು ನಿಲ್ಲುತ್ತಿತ್ತು. ಪಟ್ಟಿಗಳ ತಿಕ್ಕಾಟವೂ ಕಡಿಮೆಯಾಗಿ, ಅಲ್ಲಿಯವರೆಗೆ ಅಡಗಿ ಕೂತಿದ್ದ ಶಾಕ್‌ನ ಬಂಡವಾಳ ಬಯಲಾಗುತ್ತಿತ್ತು. "ಸರ್ವಿಸ್ ಮಾಡಿಸಿದ ಮೇಲೆ ಗಾಡಿ ಕೆಟ್ಟೋಯ್ತು" ಅಂತ ಜಗಳಕ್ಕೆ ಬಂದವರಲ್ಲಿ ಎಷ್ಟೋ ಜನರದ್ದು ಇದೇ ಕಥೆ.

ಕೆಂಗೇರಿ ಉಪನಗರಕ್ಕೆ ನಾನು ಬಂದು ಶೆಡ್ ಹಾಕಿದ್ದು 1980ರ ದಶಕದ ಕೊನೆಗೆ. ಸೈಟುಗಳಲ್ಲಿ ಮನೆಗಿಂತ ಖಾಲಿ ಜಾಗ ಜಾಸ್ತಿ. ಮೈಸೂರು ರಸ್ತೆ ಆಗ ಅಗಲವಾಗಿರಲಿಲ್ಲ. ಎದುರಿಂದ ಲಾರಿ ಬಂದರೆ ಒಂದು ಕಡೆಯ ಚಕ್ರ ಮಣ್ಣಿಗಿಳಿಸಬೇಕು. ಟಾರಿನ ಅಂಚಿಂದ ಇಳಿದು ಹತ್ತುವ ಆ ಹೊಡೆತವೇ ನನಗೆ ಅನ್ನ ಹಾಕಿತು. ಊರಿನಲ್ಲಿ ಕೈಗೆ ಕೆಲಸ ಗೊತ್ತಿದ್ದ ಜನಕ್ಕೆ ಕೊರತೆಯಿರಲಿಲ್ಲ, ಯಾಕೆಂದರೆ ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ ಕೆಂಗೇರಿಯಲ್ಲೇ ಇದೆ. ಅಲ್ಲಿಂದ ನಿವೃತ್ತರಾದವರು ಸಂಜೆ ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಜಾಕ್ ಎಲ್ಲಿಡಬೇಕು ಅಂತ ಕೇಳದಿದ್ದರೂ ಹೇಳುತ್ತಿದ್ದರು. ಬಸ್ಸಿನ ಪಟ್ಟಿ ಕಟ್ಟುವುದು ಬಲ್ಲವರ ಮುಂದೆ ಫಿಯಟ್ ಶಾಕ್ ಯಾವ ಲೆಕ್ಕ! 1999ರ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಓಡತೊಡಗಿದ ಮೇಲೆ ಐಟಿಐ ಹುಡುಗರು ಸಮವಸ್ತ್ರದ ಕೆಲಸಕ್ಕೆ ಹೊರಟರು. ಆಮೇಲೆ ಶೆಡ್ಡಿಗೆ ಹುಡುಗರು ಸಿಗುವುದೇ ಕಷ್ಟವಾಯಿತು.

ಅಷ್ಟರಲ್ಲಿ ಕಾರೂ ಬದಲಾಗಿತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮುಂದಿನ ಚಕ್ರಕ್ಕೆ ಇದ್ದದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಇಂಗ್ಲೆಂಡಿನ ಫೋರ್ಡ್ 1950ರಲ್ಲಿ ಕಾನ್ಸಲ್ ಕಾರಿಗೆ ಹಾಕಿ ಜನಪ್ರಿಯ ಮಾಡಿದ ಏರ್ಪಾಡು ಇದು. ಇದರಲ್ಲಿ ಶಾಕ್ ಬೇರೆ ಸಾಮಾನಲ್ಲ. ಸ್ಪ್ರಿಂಗ್ ಅದರ ಮೈಮೇಲೇ ಕೂತಿರುತ್ತದೆ, ಚಕ್ರ ಅದಕ್ಕೇ ತಗಲಿಕೊಂಡಿರುತ್ತದೆ, ಸ್ಟೀರಿಂಗ್ ತಿರುಗಿದರೆ ಅದೂ ತಿರುಗುತ್ತದೆ. ಬಿಚ್ಚಬೇಕಾದರೆ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಅದುಮಬೇಕು, ಅದು ಜಾರಿದರೆ ದವಡೆ ಹೋದೀತು. ಮತ್ತೆ ಕೂರಿಸಿದ ಮೇಲೆ ಅಲೈನ್‌ಮೆಂಟ್ ನೋಡಿಸಬೇಕು. ಶಾಕ್‌ಗಿಂತ ಕೂಲಿಯೇ ದೊಡ್ಡ ಲೆಕ್ಕವಾಯಿತು. ಇಷ್ಟೆಲ್ಲ ಬಿಚ್ಚಿ ಹಳೇದಕ್ಕೆ ಸೀಲ್ ಹಾಕಿ ಮತ್ತೆ ಕೂರಿಸುವವರು ಯಾರು? ಕೊಳವೆಗಳೂ ಕಂಪನಿಯಲ್ಲೇ ಮಡಚಿ ಮುಚ್ಚಿ ಬರತೊಡಗಿದವು, ಒಳಗೆ ನೈಟ್ರೋಜನ್ ಬೇರೆ. ಚಾಚಾ ಮಗ ಕೊಳವೆ ಕೊಯ್ದು ವೆಲ್ಡಿಂಗ್ ಹಾಕಿ ಕೆಲವು ಕಾಲ ತಳ್ಳಿದ, ಆಮೇಲೆ ಬೈಕ್ ಶಾಕ್‌ಗಳಿಗಷ್ಟೇ ನಿಂತ.

ಹೀಗಾಗಿ ತೀರ್ಮಾನ ಮೇಜಿನಿಂದ ಎದ್ದು ಕಾರಿನ ಮಾಲೀಕನ ತಲೆಗೆ ಬಂತು. ನನ್ನ ಪ್ರಕಾರ ಈ ವಿಷಯದಲ್ಲಿ ಮಾಲೀಕನಷ್ಟು ಕೆಟ್ಟ ಸಾಕ್ಷಿ ಇನ್ನೊಬ್ಬನಿಲ್ಲ. ಶಾಕ್ ಪಂಕ್ಚರ್ ಥರ ಒಂದು ದಿನ ಕೈಕೊಡುವುದಿಲ್ಲ, ವರ್ಷಗಟ್ಟಲೆ ಸವೆಯುತ್ತದೆ. ದಿನಾ ಓಡಿಸುವವನು ಅಷ್ಟೇ ನಿಧಾನವಾಗಿ ಅದಕ್ಕೆ ಹೊಂದಿಕೊಂಡಿರುತ್ತಾನೆ. ಹಂಪ್ ಬಂದರೆ ಮೊದಲಿಗಿಂತ ಬೇಗ ಬ್ರೇಕ್ ಒತ್ತುತ್ತಾನೆ, ತಿರುವಿನಲ್ಲಿ ಗೊತ್ತಿಲ್ಲದೆ ನಿಧಾನ ಮಾಡುತ್ತಾನೆ. ಶಿರ್ಕೆ ಅಪಾರ್ಟ್‌ಮೆಂಟಿನ ನಿವೃತ್ತ ಮೇಷ್ಟ್ರೊಬ್ಬರ ಜೆನ್ ಕಾರು ನನ್ನಲ್ಲಿಗೆ ಬಂದದ್ದು ಅವರ ಮಗಳಿಂದ. ರಜೆಗೆ ಬಂದವಳು ಓಡಿಸಿ ನೋಡಿ, "ಅಪ್ಪಾ, ಇದು ದೋಣಿ ಥರ ತೂಗ್ತಿದೆ" ಅಂದಳಂತೆ. ಮೇಷ್ಟ್ರು ನನ್ನ ಮುಂದೆಯೇ, "ಏನೂ ಆಗಿಲ್ಲ ಕಣಮ್ಮ, ಮೊದಲಿಂದ್ಲೂ ಹೀಗೇ ಇದೆ" ಎಂದರು. ನಾನು ಜಾಕ್ ಹೊಡೆದು ಮುಂದಿನ ಟೈರ್ ಮೇಲೆ ಅಂಗೈ ಆಡಿಸಿ, "ಸಾರ್, ನೀವೂ ಒಂದ್ಸಲ ಕೈಯಾಡಿಸಿ" ಎಂದೆ. ಸುತ್ತಲೂ ಗುಂಡಿ, ದಿಬ್ಬ, ಮತ್ತೆ ಗುಂಡಿ. ಚಕ್ರ ನೆಲ ಹಿಡಿಯದೆ ಕುಪ್ಪಳಿಸುತ್ತಾ ಓಡಿದರೆ ಟೈರ್ ಹೀಗೆ ತೇಪೆ ತೇಪೆಯಾಗಿ ಸವೆಯುತ್ತದೆ. ಮೇಷ್ಟ್ರು ಆಮೇಲೆ ವಾದ ಮಾಡಲಿಲ್ಲ.

ಬಾನೆಟ್ ಒತ್ತುವ ಪರೀಕ್ಷೆಯನ್ನು ನಾನು ಈಗ ಗಿರಾಕಿಯ ಸಮಾಧಾನಕ್ಕೆ ಮಾತ್ರ ಮಾಡುತ್ತೇನೆ. ಕೈಯಲ್ಲಿ ಒತ್ತುವುದು ತೀರಾ ನಿಧಾನದ ಚಲನೆ. ಸ್ಟ್ರಟ್‌ನೊಳಗಿನ ಬಿಗಿಯೋ ಗಡುಸಾದ ಬುಷ್ಷೋ ಅಷ್ಟಕ್ಕೆ ಹಿಡಿದು ನಿಲ್ಲಿಸಿಬಿಡುತ್ತವೆ, ಸತ್ತ ಶಾಕೂ ಪಾಸಾಗುತ್ತದೆ. ಯುರೋಪಿನ ಕೆಲವು ದೇಶಗಳಲ್ಲಿ ಚಕ್ರದ ಕೆಳಗೆ ನಡುಗುವ ತಟ್ಟೆ ಇಟ್ಟು, ಟೈರ್ ನೆಲವನ್ನು ಎಷ್ಟು ಹಿಡಿದಿದೆ ಎಂದು ಅಳೆಯುತ್ತಾರೆ. ನನ್ನ ಹತ್ತಿರ ಇರುವ ಯಂತ್ರ ಕೈ ಮಾತ್ರ. ಕೊಮ್ಮಘಟ್ಟ ರಸ್ತೆಯಲ್ಲಿ ಹೋಗಿ ಬಂದು, ಇಳಿದ ತಕ್ಷಣ ನಾಲ್ಕೂ ಶಾಕ್‌ಗಳ ಮೈ ಮುಟ್ಟುತ್ತೇನೆ. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ. ಒಂದೇ ರಸ್ತೆಯಲ್ಲಿ ಓಡಿಬಂದ ಜೋಡಿಯಲ್ಲಿ ಒಂದು ಬೆಚ್ಚಗೆ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸುಮ್ಮನೆ ಸವಾರಿ ಮಾಡಿದೆ. ಇದನ್ನು ಕಲಿಸಿದ್ದೂ ಚಾಚಾನೇ.

ಎಣ್ಣೆಯ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ, ಹೆದರಿಸುವವರೂ ಇದ್ದಾರೆ. ಮೇಲ್ಭಾಗದಲ್ಲಿ ತೆಳ್ಳಗೆ ಧೂಳು ಹಿಡಿದ ಪಸೆ ಇದ್ದರೆ ಅದು ಬೆವರು, ಬಿಡಿ. ಮೈಯೆಲ್ಲ ಒದ್ದೆಯಾಗಿ ಕೆಳಗೆ ತೊಟ್ಟಿಕ್ಕುವ ಹಾಗಿದ್ದರೆ ಮಾತ್ರ ಮುಗಿಯಿತು. ಬಟ್ಟೆಯಲ್ಲಿ ಎಣ್ಣೆ ಸವರಿ "ನೋಡಿ ಸಾರ್, ಲೀಕು" ಎಂದು ತೋರಿಸುವವರನ್ನೂ ನೋಡಿದ್ದೇನೆ. ಒರೆಸಿ ಒಂದು ವಾರ ಓಡಿಸಿ ನೋಡಿದರೆ ನಿಜ ತಿಳಿಯುತ್ತದೆ. ಹಾಗೇ ಕಟ್ ಕಟ್ ಸದ್ದು ಬಂದ ಕೂಡಲೇ ಶಾಕ್ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಅದು ಲಿಂಕ್ ರಾಡ್ ಅಥವಾ ಬುಷ್, ನೂರರಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಗಳು ಹೋಗುತ್ತವೆ.

80,000 ಕಿಲೋಮೀಟರ್‌ಗೆ ಬದಲಿಸಿ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಅಮೆರಿಕದವರ 50,000 ಮೈಲಿಯ ಲೆಕ್ಕ, ಅಲ್ಲಿಯ ರಸ್ತೆಗೆ ಹಾಕಿದ್ದು. ನಮ್ಮ ರಸ್ತೆ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ: 25 ಕಿ.ಮೀ. ವೇಗದಲ್ಲಿ ದಾಟಲು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಉಪನಗರದ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಲ್ಲಿ ಎತ್ತರ ಇರುತ್ತದೆ, ಅಗಲ ಹುಡುಕಬೇಕು. ಬಂಡೆಮಠದ ಕಡೆ ದಿನಾ ಹೋಗಿಬರುವ ಕಾರಿಗೂ, ವಾರಕ್ಕೊಮ್ಮೆ ಮೈಸೂರಿಗೆ ಓಡುವ ಕಾರಿಗೂ ಒಂದೇ ಕಿಲೋಮೀಟರ್ ಲೆಕ್ಕ ಹೇಳುವುದು ತಮಾಷೆ. ಮೆಟ್ರೋ ಕಂಬಗಳು ಏಳುತ್ತಿದ್ದಷ್ಟು ವರ್ಷ, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ರೈಲು ಬರುವವರೆಗೂ, ನನ್ನಲ್ಲಿ ಮುಂದಿನ ಸ್ಟ್ರಟ್ ಕೆಲಸಕ್ಕೆ ಬಿಡುವಿರಲಿಲ್ಲ.

2023ರ ಮಾರ್ಚ್‌ನಲ್ಲಿ 118 ಕಿಲೋಮೀಟರಿನ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೇರೆ ಥರದ ಗಿರಾಕಿಗಳು ಬರುತ್ತಿದ್ದಾರೆ. ಊರೊಳಗೆ 30ರಲ್ಲಿ ಏನೂ ಗೊತ್ತಾಗದ ಕಾರು, ಕುಂಬಳಗೋಡು ದಾಟಿ 90 ಹಿಡಿದಾಗ ಸೇತುವೆಯ ಜಾಯಿಂಟ್‌ಗಳ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಗ್ಗುತ್ತದೆ. ನುಣ್ಣಗಿನ ರಸ್ತೆಗೆ ಶಾಕ್ ಯಾಕೆ ಎಂದುಕೊಂಡಿದ್ದವರು ಆಗ ಬಂದು ನಿಲ್ಲುತ್ತಾರೆ.

ಹದಿನೈದು ವರ್ಷ ದಾಟಿದ ಕಾರಿನವರದ್ದು ಬೇರೆಯೇ ಚಿಂತೆ: ಕಾರಿಗೇ ಬೆಲೆ ಇಲ್ಲ, ಇದಕ್ಕೆ ಯಾಕೆ ಸುರಿಯಬೇಕು? ಮಾರುವುದಾದರೆ ಹಾಕಿಸಬೇಡಿ, ಕೊಳ್ಳುವವನು ಅದಕ್ಕೆ ಕಾಸು ಸೇರಿಸಿ ಕೊಡುವುದಿಲ್ಲ. ಆರ್‌ಸಿ ಇನ್ನು 5 ವರ್ಷಕ್ಕೆ ಮಾಡಿಸಿಕೊಂಡಿದ್ದರೆ ಹಾಕಿಸಿ. ಒಂದೇ ಕಡೆ ಬೇಡ, ಮುಂದಿನ ಎರಡೂ ಒಟ್ಟಿಗೆ, ಜೊತೆಗೆ ಮೌಂಟಿಂಗ್ ಮತ್ತು ಬಂಪ್ ಸ್ಟಾಪರ್, ಒಂದೇ ಕೂಲಿಯಲ್ಲಿ ಆಗುತ್ತದೆ. ಹಿಂದಿನದನ್ನು ಟೈರ್ ನೋಡಿ ಹೇಳುತ್ತೇನೆ. ಹೊಸ ಟೈರ್ ತರುವ ಯೋಚನೆ ಇದ್ದರೆ ಅದಕ್ಕೆ ಮೊದಲು ನನ್ನ ಹತ್ತಿರ ಬನ್ನಿ, ಹಾಕಿಸಿಕೊಂಡ ಮೇಲಲ್ಲ.