ಕಂಪ್ಯೂಟರ್ ಬರುವ ಮುನ್ನ ಕೇಳಬೇಕಾದ ಮಾತು



2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ಕೊಟ್ಟ ಮೇಲೆ, ಲೆಡ್ಜರು ಬಿಟ್ಟು ಕಂಪ್ಯೂಟರ್ ಹಿಡಿಯುವ ಮಾತು ನಮ್ಮಂಥ ಸಂಘಗಳಲ್ಲೆಲ್ಲ ಕೇಳಿಬರುತ್ತಿದೆ. ಆದರೆ ತಂತ್ರಾಂಶ ಬರೆಯುವವನು ಯಾರನ್ನು ಕೇಳಿ ಬರೆಯಬೇಕು? ಈ ಪ್ರಶ್ನೆಗೆ ಐವತ್ತು ವರ್ಷದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ದೂರದ ನಾರ್ವೆಯಲ್ಲಿ, ಒಂದು ಕಾರ್ಮಿಕ ಸಂಘದಲ್ಲಿ.

ಸಿಮುಲಾ ಎಂಬ ಗಣಕಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಕ್ರಿಸ್ಟನ್ ನಿಗಾರ್ಡ್ (2001ರ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಬಂತು) 1970ರ ದಶಕದ ಆರಂಭದಲ್ಲಿ ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೆಲಸಕ್ಕಿಳಿದರು. ಕಂಪ್ಯೂಟರ್ ವ್ಯವಸ್ಥೆ ಆಡಳಿತದವರು ಹೇಳಿದಂತೆ ತಯಾರಾಗುತ್ತಿತ್ತು. ಮೆಷಿನ್ ಮುಂದೆ ನಿಂತವನನ್ನ ಕೇಳೋರು ಇರಲಿಲ್ಲ. ಮೊದಲು ತಜ್ಞರೇ ಅಧ್ಯಯನ ಮಾಡಿ ವರದಿ ಕೊಡೋದು ಅಂತಿತ್ತು. ಬರೀ ವರದಿಯಿಂದ ಕಾರ್ಮಿಕರ ಕೈಗೆ ಏನೂ ಬರಲ್ಲ ಅಂತ ಕಂಡು, ಕೆಲಸಗಾರರೇ ತಂಡ ಕಟ್ಟಿ ತಮ್ಮ ಕಾರ್ಖಾನೆಯನ್ನು ತಾವೇ ಅಭ್ಯಾಸ ಮಾಡುವ ಹಾಗೆ ದಾರಿ ಬದಲಿಸಿದರು. ಅವರಿಗೆಂದೇ ಪಠ್ಯಪುಸ್ತಕವೂ ಬಂತು. 1975ರಲ್ಲಿ ಈ ಬಗ್ಗೆ ಕಾರ್ಮಿಕರ ಮತ್ತು ಮಾಲೀಕರ ಒಕ್ಕೂಟಗಳ ನಡುವೆ ರಾಷ್ಟ್ರಮಟ್ಟದ ಒಪ್ಪಂದವೇ ಆಯಿತು.

ಇದೇ ಹಾದಿಯಲ್ಲಿ 1981ರಿಂದ 1985ರವರೆಗೆ ಸ್ವೀಡನ್, ಡೆನ್ಮಾರ್ಕ್‌ನ ಸಂಶೋಧಕರು ಮುದ್ರಣ ಕಾರ್ಮಿಕರ ಜೊತೆ ಯುಟೋಪಿಯಾ ಎಂಬ ಯೋಜನೆ ನಡೆಸಿದರು. ಕಾಗದದ ಮೇಲೆ ಬರೆದ ವಿವರಣೆ ಪ್ರೆಸ್ಸಿನವರಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ರಟ್ಟಿನ ಡಬ್ಬಕ್ಕೆ ‘ಲೇಸರ್ ಪ್ರಿಂಟರ್’ ಅಂತ ಹೆಸರು ಬರೆದಿಟ್ಟು, ಪುಟ ಕಟ್ಟೋದು ಹೇಗೆ ಮಾಡಿ ತೋರಿಸಿ ಅಂದರು. ಕೈ ಆಡಿದಾಗ ಬಾಯಿ ತಾನಾಗಿ ಬಿಚ್ಚಿತು. ಮಕ್ಕಳಾಟ ಅಂತ ನಗಬೇಡಿ!

ನಮ್ಮ ಸಂಘಕ್ಕೂ ಕಾಲೇಜು ಹುಡುಗರು ಬಂದಿದ್ದರು. “ಸಾಫ್ಟ್‌ವೇರಿನಲ್ಲಿ ಏನೇನು ಬೇಕು ಸಾರ್?” ಅಂತ ಗುಮಾಸ್ತರನ್ನು ಕೇಳಿದರು. “ನಿಮಗೆ ತಿಳಿದಂಗೆ ಮಾಡ್ರಪ್ಪಾ” ಅಂದುಬಿಟ್ಟರು ಅವರು. ಜೊತೆಗಿದ್ದ ಮೇಷ್ಟ್ರು ಹುಡುಗರನ್ನು ಪಕ್ಕಕ್ಕೆ ಕರೆದು, “ಏನು ಬೇಕು ಅಂತ ಕೇಳಬೇಡಿ. ನಿನ್ನೆ ಸಾಲ ಕಟ್ಟೋಕೆ ಬಂದಾಗ ಮೊದಲು ಯಾವ ಪುಸ್ತಕ ತೆಗೆದ್ರಿ ಅಂತ ಕೇಳಿ, ಆಮೇಲೆ ಸುಮ್ಮನಿರಿ” ಎಂದು ತಿದ್ದಿದರು.

ಆಗ ಹೊರಬಂದದ್ದು ಗುಮಾಸ್ತರ ಡ್ರಾಯರಿನ ಸಣ್ಣ ಡೈರಿ. ಪಾಸ್‌ಬುಕ್ ಮರೆತು ಬಂದವರು, ಅಪ್ಪನ ಕಂತನ್ನು ಕಟ್ಟಲು ಬಂದ ಮಗ, ಇವರ ದುಡ್ಡೆಲ್ಲ ಮೊದಲು ಸೇರುವುದು ಅದರಲ್ಲಿ, ಸಂಜೆಗೆ ಲೆಡ್ಜರಿಗೆ. ನಿರ್ದೇಶಕರಾದ ನಮಗೇ ಆ ಡೈರಿ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಅದನ್ನು ಬಿಟ್ಟು ತಂತ್ರಾಂಶ ಬರೆದಿದ್ದರೆ ದುಡ್ಡು ಕಟ್ಟಿದ ರೈತನ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಬರುತ್ತಿತ್ತು. ಹುಡುಗರು ಅವತ್ತು ಸಂಜೆ ಲೆಕ್ಕ ಮುಗಿಯುವ ತನಕ ಗುಮಾಸ್ತರ ಪಕ್ಕದಲ್ಲೇ ಕೂತಿದ್ದರು.