ಹಳೆ ಕಾರು ಮಾರುತ್ತಿದ್ದೀರಾ? ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೂ ಹೊಣೆ ನಿಮ್ಮದೇ!

ಹಣ ಕೈಸೇರಿತು, ಕೀ ಕೊಟ್ಟಾಯಿತು ಎಂದ ಮಾತ್ರಕ್ಕೆ ಕಾರು ಮಾರಾಟ ಮುಗಿಯುವುದಿಲ್ಲ. ಕಾರು ಮಾರಿದ್ದರೂ ಆರ್‌ಸಿಯಲ್ಲಿ ಹಳೆಯ ಹೆಸರೇ ಇದ್ದರೆ, ಅಪಘಾತ ಪರಿಹಾರದ ಹೊಣೆ ಆ ವ್ಯಕ್ತಿಯದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಈ ದಾಖಲೆಗಳು ಸರಿಯಾಗಿರಲಿ.

ಫಾರ್ಮ್ 29: ಕಾರು ಮಾರಿದ ಮಾಹಿತಿ. ಅದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಾಟಗಾರರು ಆರ್‌ಟಿಒಗೆ ಸಲ್ಲಿಸಬೇಕು.

ಫಾರ್ಮ್ 30: ಮಾಲೀಕತ್ವ ವರ್ಗಾವಣೆಯ ಅರ್ಜಿ. ಖರೀದಿದಾರರು 30 ದಿನದೊಳಗೆ ಸಲ್ಲಿಸಬೇಕು. ಜೊತೆಗೆ ಆರ್‌ಸಿ, ವಿಮೆ, ಮಾಲಿನ್ಯ ತಪಾಸಣೆ ಪ್ರಮಾಣಪತ್ರ, ಗುರುತು ಮತ್ತು ವಿಳಾಸದ ದಾಖಲೆ ಬೇಕು.

ಫಾರ್ಮ್ 35: ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು ಈ ಫಾರ್ಮ್ ಹಾಗೂ ಬ್ಯಾಂಕಿನ ಎನ್‌ಒಸಿ ಅಗತ್ಯ.

ಫಾರ್ಮ್ 28: ಬೇರೆ ರಾಜ್ಯಕ್ಕೆ ಎನ್‌ಒಸಿ ಪಡೆಯುವ ಅರ್ಜಿ. ಉದಾಹರಣೆಗೆ, ಕೆಎ ನೋಂದಣಿಯ ಕಾರನ್ನು ಪುಣೆಯವರಿಗೆ ಮಾರಿದರೆ ಕರ್ನಾಟಕದ ಮೂಲ ಆರ್‌ಟಿಒದಿಂದಲೇ ಎನ್‌ಒಸಿ ಪಡೆಯಬೇಕು. ಇದಕ್ಕೆ 45 ದಿನಗಳ ಗಡುವಿದೆ.

ವಿಮೆ: ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಖರೀದಿದಾರರು 14 ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ ಮಾತ್ರ ನಿಮ್ಮದೇ. ಪ್ರಮಾಣಪತ್ರ ಪಡೆದುಕೊಂಡರೆ ಮುಂದಿನ ಕಾರಿಗೆ ಬಳಸಬಹುದು.

ನೆನಪಿಡಿ: ಖಾಲಿ ಫಾರ್ಮ್‌ಗೆ ಸಹಿ ಹಾಕಿ ಕೊಡಬೇಡಿ. ಕಾರು ಒಪ್ಪಿಸಿದ ದಿನಾಂಕ, ಸಮಯ ಬರೆದ ರಸೀದಿಗೆ ಖರೀದಿದಾರರ ಸಹಿ ಪಡೆಯಿರಿ. ಫಾಸ್ಟ್‌ಟ್ಯಾಗ್ ಮುಚ್ಚಿಸಿ. ಕೊನೆಗೆ, ಹೆಸರು ಬದಲಾಗಿದೆಯೇ ಎಂದು ಪರಿವಾಹನ್ ಪೋರ್ಟಲ್‌ನಲ್ಲಿ ನೀವೇ ಪರಿಶೀಲಿಸಿ.