ಪ್ಲಾಸ್ಮಾ
ಆಸ್ಪತ್ರೆಯಲ್ಲಿ ಪ್ಲಾಸ್ಮಾ ಎಂದರೆ ರಕ್ತದ ನಸುಹಳದಿ ದ್ರವಭಾಗ. ಭೌತವಿಜ್ಞಾನದ ತರಗತಿಯಲ್ಲಿ ಅದೇ ಪದಕ್ಕೆ, ಅಯಾನುಗಳೂ ಬಿಡಿ ಎಲೆಕ್ಟ್ರಾನುಗಳೂ ಬೆರೆತು ವಿದ್ಯುತ್ ಹರಿಸುವ ಅನಿಲ ಎಂಬ ಅರ್ಥ. ಮೂಲ ಗ್ರೀಕ್ ಪದದ ಅರ್ಥ, ಅಚ್ಚಿನಲ್ಲಿ ರೂಪ ಪಡೆದದ್ದು ಎಂದು. ಪ್ಲಾಸ್ಟಿಕ್, ಪ್ಲಾಸ್ಟರ್ ಇದರ ದಾಯಾದಿಗಳು. ಸ್ವಂತ ಆಕಾರವೇ ಇಲ್ಲದ ವಸ್ತುವಿಗೆ ಇಂಥ ಹೆಸರು! ವೈದ್ಯರು ಮೊದಲೇ ಬಳಸುತ್ತಿದ್ದ ಪದವನ್ನು 1928ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಭೌತವಿಜ್ಞಾನಕ್ಕೆ ಎಳೆದುತಂದರು. ಕನ್ನಡದಲ್ಲಿ ‘ದ್ರವ್ಯದ ನಾಲ್ಕನೆಯ ಸ್ಥಿತಿ’ ಎಂದು ವಿವರಿಸುತ್ತೇವೆ, ಹೆಸರು ಮಾತ್ರ ಪ್ಲಾಸ್ಮಾ. ಅದೇ ಸರಿ, ಬಲವಂತದ ಸಂಸ್ಕೃತ ಪದ ಬೇಡ. ಹೊಸ ವಿದ್ಯಾರ್ಥಿಗಳು ‘ಕಾದ ಅನಿಲ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಸೂರ್ಯನಲ್ಲಿರುವುದು ಪ್ಲಾಸ್ಮಾ, ಉರಿಯುವ ಟ್ಯೂಬ್‌ಲೈಟಿನೊಳಗೂ ಪ್ಲಾಸ್ಮಾವೇ, ಆದರೆ ಅದರ ಗಾಜು ಮುಟ್ಟಿದರೆ ಬರೀ ಬೆಚ್ಚಗಿರುತ್ತದೆ.